ಎರಡು ದನಿ, ಒಂದು ಹಾಡು

ಒಂದೇ ಮನೆಯಲ್ಲಿ ಇಬ್ಬರು ಒಂದೇ ಕಾಲಕ್ಕೆ ಮಾತನಾಡತೊಡಗಿದರೆ ಅದು ಜಗಳವೆನಿಸುತ್ತದೆ. ಇಬ್ಬರು ಒಂದೇ ಕಾಲಕ್ಕೆ ಬೇರೆ ಬೇರೆ ಹಾಡುಗಳನ್ನು ಎತ್ತಿಕೊಂಡರೆ ಗದ್ದಲವೆನಿಸುತ್ತದೆ. ನಡುಮನೆಯಲ್ಲಿ ಅಜ್ಜಿ ದೇವರನಾಮವನ್ನು ಹೇಳಿಕೊಳ್ಳುತ್ತಿರುವಾಗ ಪಡಸಾಲೆಯಿಂದ ಮೊಮ್ಮಗ ಚಲಚ್ಚಿತ್ರಗೀತೆಯೊಂದನ್ನು ತೆಗೆದನೆಂದರೆ, ಅಡುಗೆಮನೆಯಲ್ಲಿರುವ ಸೊಸೆಗೆ ಎರಡರಲ್ಲಿ ಒಂದೂ ಸರಿಯಾಗಿ ಕೇಳಿಸದು. ಹೀಗಿರುವಲ್ಲಿ, ಎರಡು ಬೇರೆ ಬೇರೆ ಧಾಟಿಗಳನ್ನು ಬೇಕೆಂದೇ ಒಟ್ಟಿಗೆ ಹಾಡಿಸಿ, ಎರಡೂ ಸ್ಪಷ್ಟವಾಗಿ ಕೇಳಿಸುವಂತೆಯೂ, ಅವೆರಡರ ಕೂಟದಿಂದ ಮೂರನೆಯದೊಂದು ಸೊಗಸು ಹುಟ್ಟುವಂತೆಯೂ ಮಾಡುವ ಶಾಸ್ತ್ರವೊಂದುಂಟು ಎಂದರೆ ನಮ್ಮ ಸಂಗೀತಪ್ರಿಯರಿಗೆ ಸ್ವಲ್ಪ ಆಶ್ಚರ್ಯವೇ ಆದೀತು. ಪಾಶ್ಚಾತ್ಯರು ಇದಕ್ಕೆ ಕೌಂಟರ್‌ಪಾಯಿಂಟ್ ಎನ್ನುವರು. ಲ್ಯಾಟಿನ್ ಮೂಲದಲ್ಲಿ ಆ ಮಾತಿಗೆ 'ಬಿಂದುವಿಗೆ ಎದುರಾಗಿ ಬಿಂದು' ಎಂದರ್ಥ. ಒಂದು ಕಾಲಕ್ಕೆ ಸ್ವರಗಳನ್ನು ಬಿಂದುಗಳಾಗಿ ಬರೆಯುತ್ತಿದ್ದುದರಿಂದ, ಒಂದು ಸ್ವರಕ್ಕೆ ಎದುರಾಗಿ ಇನ್ನೊಂದು ಸ್ವರವನ್ನಿಡುವ ವಿದ್ಯೆ ಎಂದು ತಿಳಿಯಬಹುದು.

ಈ ವಿದ್ಯೆಯ ಪ್ರಯೋಜನವು ಯೂರೋಪಿನ ದೊಡ್ಡ ಇಗರ್ಜಿಗಳಿಗೆ ಮಾತ್ರ ಸೇರಿದುದೆಂದು ತಿಳಿಯಬೇಕಾದುದಿಲ್ಲ. ನಮ್ಮ ನಾಡಿನ ವಾಯವ್ಯದ ಮೂಲೆಯಲ್ಲಿರುವ ನಿಪ್ಪಾಣಿಯನ್ನೇ ತೆಗೆದುಕೊಳ್ಳಬಹುದು. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ, ತಂಬಾಕಿನ ವ್ಯಾಪಾರಕ್ಕೆ ಹೆಸರಾದ ಈ ಊರಿನ ಪೇಟೆಯಲ್ಲಿ ಒಂದು ಅಂಗಡಿಯ ಲೆಕ್ಕ ಮರಾಠಿಯಲ್ಲಿ ನಡೆದರೆ ಮುಂದಿನ ಅಂಗಡಿಯ ಚೌಕಾಸಿ ಕನ್ನಡದಲ್ಲಿ ನಡೆಯುತ್ತದೆ; ಅನೇಕರ ನಾಲಿಗೆಯಲ್ಲಿ ಎರಡೂ ಇವೆ. ಕ್ರೈಸ್ತ ಧರ್ಮವೂ ಈ ಸೀಮೆಗೆ ಎರಡು ದಿಕ್ಕುಗಳಿಂದ, ಎರಡು ಭಾಷೆಗಳಲ್ಲಿ ಬಂದಿತು. ದಕ್ಷಿಣದ ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನವರು ೧೮೨೦ರಲ್ಲಿಯೇ ಕೆಲಸವನ್ನು ಆರಂಭಿಸಿದರು. ಉತ್ತರದ ಕೊಲ್ಹಾಪುರದಲ್ಲಿ ಅಮೆರಿಕದ ರಾಯಲ್ ವೈಲ್ಡರರು ೧೮೫೨ರಲ್ಲಿ ನೆಲೆಯೂರಿದರು. ಇತ್ತ ಧಾರವಾಡಕ್ಕೆ ೧೮೩೭ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಸ್ತುತಿಗೀತಗಳ ಧಾಟಿಯನ್ನು ಕನ್ನಡದ ಬಾಯಿಗೆ ಹೊಂದಿಸುವ ಯತ್ನದಲ್ಲಿದ್ದರೆ, ಅತ್ತ ೧೮೯೫ರಲ್ಲಿ ಕ್ರೈಸ್ತರಾದ ಮರಾಠಿ ಕವಿ ನಾರಾಯಣ ವಾಮನ ಟಿಳಕರು ಅಭಂಗದ ದಾರಿಯಲ್ಲಿಯೇ ಕ್ರಿಸ್ತಭಕ್ತಿಯನ್ನು ಹಾಡಿದರು. ಹೀಗಾಗಿ ಗಡಿಯ ಊರೊಂದರಲ್ಲಿ ಡಿಸೆಂಬರ್ ತಿಂಗಳು ಬಂದು ಹಬ್ಬದ ಹಾಡಿನ ಅಭ್ಯಾಸ ತೊಡಗಿತೆಂದರೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಯಾವ ಭಾಷೆಯಲ್ಲಿ ಹಾಡುವುದು? ಒಂದು ಚರಣ ಅದರಲ್ಲಿ, ಒಂದು ಚರಣ ಇದರಲ್ಲಿ ಎಂದು ಹಂಚಿಕೊಂಡರೆ, ಒಂದು ಪಕ್ಷ ಹಾಡುವಾಗ ಇನ್ನೊಂದು ಪಕ್ಷ ತನ್ನ ಸರದಿಯನ್ನು ಕಾಯುತ್ತ ಕುಳಿತಿರುತ್ತದೆ. ಒಟ್ಟಿಗೆ ಹಾಡುವುದಾದರೆ ಹೇಗೆ? ಈ ಪ್ರಶ್ನೆಗೆ ಕೌಂಟರ್‌ಪಾಯಿಂಟಿನಲ್ಲಿ ಉತ್ತರವುಂಟು.

ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಎರಡು ದನಿಗಳು ಕೂಡಿದ ಮಾತ್ರಕ್ಕೆ ಅದು ಕೌಂಟರ್‌ಪಾಯಿಂಟ್ ಆಗದು. ಲೋಕಪ್ರಸಿದ್ಧವಾದ 'ಸೈಲೆಂಟ್ ನೈಟ್' ಗೀತವು ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ೧೮೧೮ರ ಡಿಸೆಂಬರ್ ೨೪ರಂದು ಮೊದಲಬಾರಿಗೆ ಹಾಡಲ್ಪಟ್ಟಾಗ, ಪದ್ಯವನ್ನು ಬರೆದ ಪಾದ್ರಿ ಯೋಸೆಫ್ ಮೋರ್ ಮೇಲಿನ ದನಿಯನ್ನೂ, ಧಾಟಿಯನ್ನು ಕಟ್ಟಿದ ಶಾಲಾ ಉಪಾಧ್ಯಾಯ ಫ್ರಾಂಟ್ಸ್ ಗ್ರೂಬರ್ ಕೆಳಗಿನ ದನಿಯನ್ನೂ ಗಿಟಾರಿನೊಡನೆ ಹಾಡಿದರು. ಅಲ್ಲಿ ಕೆಳಗಿನ ದನಿಯು ಬಹುಮಟ್ಟಿಗೆ ಮೇಲಿನದರ ನೆರಳು. ಅದು ಏರಿದಾಗ ಇದೂ ಏರುವುದು, ಇಳಿದಾಗ ಇಳಿಯುವುದು. ಇದು ಸುಂದರವೇ ಹೌದು. ಆದರೆ ನೆರಳಿಗೆ ತನ್ನದೆಂಬ ನಡಿಗೆಯಿಲ್ಲ. ಕೌಂಟರ್‌ಪಾಯಿಂಟಿನಲ್ಲಾದರೋ ಎರಡನೆಯ ದನಿ ನೆರಳಲ್ಲ, ಜೊತೆಗಾರ. ಅದನ್ನು ಪ್ರತ್ಯೇಕವಾಗಿ ಹಾಡಿದರೂ ಹಾಡೆನಿಸಬೇಕು. ಕೂಡಿ ಹಾಡಿದರೂ ಹೊಂದಬೇಕು.

ನಮ್ಮ ಕಿವಿಗೆ ಇದು ತೀರ ಅಪರಿಚಿತವೇನೂ ಅಲ್ಲ. ಗವಾಯಿಗಳ ಬೆನ್ನ ಹಿಂದೆಯೇ ಅರ್ಧ ಮಾತ್ರೆ ತಡೆದು ಅವರ ತಾನನ್ನು ಹಿಡಿಯುವ ಹಾರ್ಮೋನಿಯಮ್ಮಿನವನನ್ನು ಎಲ್ಲರೂ ಕೇಳಿದ್ದಾರೆ. ತಬಲಾ ಸೋಲೋ ನಡೆಯುವಾಗ ಸಾರಂಗಿಯು ಒಂದೇ ಲೆಹರಾವನ್ನು ಸುತ್ತಿ ಸುತ್ತಿ ನುಡಿಸುತ್ತಿರಲು, ತಬಲಾ ತನ್ನ ಇಷ್ಟದ ದಾರಿಯಲ್ಲಿ ಅಲೆದು ಸಮ್‌ಗೆ ಬಂದು ಕೂಡಿಕೊಳ್ಳುವುದನ್ನೂ ಕೇಳಿದ್ದಾರೆ. ಇಬ್ಬರು ಬೇರೆ ಬೇರೆ ನಡೆದು ಒಂದೆಡೆ ಸೇರುವ ಸುಖ ಅದು. ಪಾಶ್ಚಾತ್ಯರು ಅದೇ ಸುಖವನ್ನು ಸ್ವರಗಳಲ್ಲಿ ಹುಡುಕಿದರು.

ಈ ಶಾಸ್ತ್ರದ ಪ್ರಸಿದ್ಧ ಪಠ್ಯಗ್ರಂಥವನ್ನು ವಿಯೆನ್ನಾದ ಯೋಹಾನ್ ಯೋಸೆಫ್ ಫುಕ್ಸ್ ೧೭೨೫ರಲ್ಲಿ ಪ್ರಕಟಿಸಿದನು. ನಮ್ಮ ಶಾಸ್ತ್ರಗ್ರಂಥಗಳಂತೆ ಅದೂ ಗುರುಶಿಷ್ಯರ ಸಂವಾದದ ರೂಪದಲ್ಲಿದೆ. ಗುರುವು ಶಿಷ್ಯನನ್ನು ಐದು ಮೆಟ್ಟಿಲುಗಳಲ್ಲಿ ಕರೆದೊಯ್ಯುತ್ತಾನೆ: ಮೊದಲು ಒಂದು ಸ್ವರಕ್ಕೆ ಒಂದೇ ಸ್ವರ, ಅನಂತರ ಒಂದಕ್ಕೆ ಎರಡು, ಆಮೇಲೆ ಒಂದಕ್ಕೆ ನಾಲ್ಕು, ನಾಲ್ಕನೆಯದರಲ್ಲಿ ಒಂದು ದನಿಯು ಹಿಂದಿನ ಸ್ವರವನ್ನು ಬಿಡದೆ ಎಳೆದು ಹಿಡಿಯುವ ಕ್ರಮ, ಐದನೆಯದರಲ್ಲಿ ಇವೆಲ್ಲವೂ ಬೆರೆತ ಸ್ವತಂತ್ರ ನಡಿಗೆ. ಹೈಡನ್ ಈ ಪುಸ್ತಕವನ್ನಿಟ್ಟುಕೊಂಡು ತಾನೇ ಅಭ್ಯಾಸ ಮಾಡಿದನು. ಮೊಟ್ಸಾರ್ಟ್ ಇದರಿಂದ ಶಿಷ್ಯರಿಗೆ ಪಾಠ ಹೇಳಿದನು.

ನಿಯಮಗಳು ಹಲವಿದ್ದರೂ ಅವುಗಳ ಹಿಂದಿರುವ ತತ್ತ್ವ ಒಂದೇ. ನಮ್ಮವರು ಸ್ವರಸಂಬಂಧಗಳನ್ನು ಸಂವಾದಿ, ವಿವಾದಿ ಎಂದು ವಿಂಗಡಿಸಿದಂತೆ ಅವರೂ ವಿಂಗಡಿಸಿದ್ದಾರೆ. ಷಡ್ಜಕ್ಕೆ ಪಂಚಮವೂ ಮೇಲಿನ ಷಡ್ಜವೂ ಪೂರ್ಣ ಮೈತ್ರಿಯವು. ಗಾಂಧಾರವೂ ಧೈವತವೂ ಮಧುರ ಮೈತ್ರಿಯವು. ಒತ್ತಿ ನಿಂತ ಪಕ್ಕದ ಸ್ವರಗಳು ವಿರೋಧದವು. ವಿರೋಧವನ್ನು ಶಾಸ್ತ್ರ ನಿಷೇಧಿಸುವುದಿಲ್ಲ, ಅದಕ್ಕೆ ಶಿಸ್ತನ್ನು ವಿಧಿಸುತ್ತದೆ. ಹಾದುಹೋಗುವಾಗ, ದುರ್ಬಲವಾದ ಮಾತ್ರೆಯ ಮೇಲೆ, ವಿರೋಧಸ್ವರವು ಬಂದು ಹೋಗಬಹುದು. ಬಲವಾದ ಮಾತ್ರೆಯ ಮೇಲೆ ಬರಬೇಕಾದರೆ ಮುಂಚಿತವಾಗಿ ಮೈತ್ರಿಯಲ್ಲಿದ್ದು, ಅಲ್ಲಿಯೇ ನಿಂತು, ಎದುರು ದನಿ ಸರಿದಾಗ ಕ್ಷಣಕಾಲ ನೋಯಿಸಿ, ಒಂದು ಮೆಟ್ಟಿಲು ಕೆಳಗಿಳಿದು ಸಮಾಧಾನ ಹೊಂದಬೇಕು. ಕೇಳುವವನ ಎದೆಯನ್ನು ಹಿಂಡುವ ಸ್ಥಳಗಳು ಬಹುಮಟ್ಟಿಗೆ ಇಂಥವೇ.

ಇನ್ನೊಂದು ನಿಯಮ ಹೊಸಬರಿಗೆ ವಿಚಿತ್ರವಾಗಿ ತೋರುತ್ತದೆ. ಎರಡು ದನಿಗಳು ಷಡ್ಜ-ಪಂಚಮಗಳಲ್ಲಿ ನಿಂತಿದ್ದು, ಮರುಕ್ಷಣ ಎರಡೂ ಒಂದೇ ದಿಕ್ಕಿಗೆ ಸರಿದು ಋಷಭ-ಧೈವತಗಳಿಗೆ ಹೋಗಕೂಡದು. ಇಷ್ಟೊಂದು ಮೈತ್ರಿಯಿರುವಾಗ ತಪ್ಪೇನು ಎಂದು ಕೇಳಬಹುದು. ಮೈತ್ರಿ ಅತಿಯಾಯಿತೆಂಬುದೇ ತಪ್ಪು. ಅಷ್ಟು ಪೂರ್ಣವಾಗಿ ಹೊಂದಿದ ಎರಡು ದನಿಗಳು ಒಟ್ಟಿಗೆ ಅದೇ ಅಂತರದಲ್ಲಿ ಚಲಿಸಿದರೆ ಕಿವಿಗೆ ಅವು ಎರಡಾಗಿ ಉಳಿಯುವುದಿಲ್ಲ. ಒಂದು ಇನ್ನೊಂದರಲ್ಲಿ ಮುಳುಗಿಹೋಗುತ್ತದೆ. ಆದುದರಿಂದಲೇ ಒಂದು ಏರುವಾಗ ಇನ್ನೊಂದು ಇಳಿಯಲಿ ಎಂದು ಗುರುವು ಪದೇ ಪದೇ ಎಚ್ಚರಿಸುವನು.

ಇನ್ನು ಹಾಡಿನ ಆಯ್ಕೆ. ಎರಡು ಭಾಷೆಯ ಊರಿಗೆ ತಕ್ಕ ಹಳೆಯ ಕ್ರಿಸ್‌ಮಸ್ ಗೀತವೊಂದಿದೆ. 'ಇನ್ ದುಲ್ಚಿ ಯೂಬಿಲೋ' ಎಂಬ ಈ ಗೀತವು ಹುಟ್ಟಿನಿಂದಲೇ ದ್ವಿಭಾಷೆಯದು. ನಮ್ಮಲ್ಲಿ ಮಣಿಪ್ರವಾಳವಿರುವಂತೆ ಅದರಲ್ಲಿ ಲ್ಯಾಟಿನ್ ಪದಗುಚ್ಛಗಳೂ ಜರ್ಮನ್ ಪದಗುಚ್ಛಗಳೂ ಒಂದರ ಹಿಂದೊಂದು ಬರುತ್ತವೆ. ಪಂಡಿತರ ಭಾಷೆಯೂ ಹಟ್ಟಿಯ ಭಾಷೆಯೂ ಕೈಹಿಡಿದು ಕುಣಿಯುತ್ತವೆ. ಹದಿನಾಲ್ಕನೆಯ ಶತಮಾನದ ಜರ್ಮನ್ ಅನುಭಾವಿ ಹೈನ್ರಿಖ್ ಸೂಸೋ ಎಂಬ ಸಂತನಿಗೆ ದೇವದೂತರು ಕಾಣಿಸಿಕೊಂಡು, ಈ ಹಾಡನ್ನು ಹಾಡಿ, ಅವನನ್ನು ಕುಣಿತಕ್ಕೆ ಎಳೆದೊಯ್ದರೆಂದು ಐತಿಹ್ಯ. ಐತಿಹ್ಯವೇನೇ ಇರಲಿ, ಧಾಟಿಯಂತೂ ಕುಣಿತದ್ದೇ. ೧೭೪೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಎಂಬ ಊರಿನಲ್ಲಿ ಮೊರೇವಿಯನ್ ಪಂಥದವರು ಈ ಒಂದೇ ಧಾಟಿಯನ್ನು ೧೩ ಭಾಷೆಗಳಲ್ಲಿ ಏಕಕಾಲಕ್ಕೆ ಹಾಡಿದರು. ಯೂರೋಪಿನ ಭಾಷೆಗಳೊಡನೆ ಅಲ್ಲಿಯ ಮೂಲನಿವಾಸಿಗಳ ಭಾಷೆಗಳೂ ಅದರಲ್ಲಿ ಸೇರಿದ್ದುವು. ಎರಡು ಭಾಷೆಗಳಿಗೆ ಹೆದರುವವರು ಈ ಹದಿಮೂರನ್ನು ನೆನೆದುಕೊಳ್ಳಬಹುದು.

ಈ ಧಾಟಿಯನ್ನು ಕೌಂಟರ್‌ಪಾಯಿಂಟಿಗೆ ಅಳವಡಿಸಿದವರಲ್ಲಿ ಮೇರು ಎನ್ನಬೇಕಾದವನು ಯೋಹಾನ್ ಸೆಬಾಸ್ಟಿಯನ್ ಬಾಖ್. ೧೭೦೮ರಿಂದ ೧೭೧೭ರವರೆಗೆ ವೈಮಾರಿನ ಆಸ್ಥಾನದಲ್ಲಿದ್ದಾಗ ಅವನು ಆರ್ಗನ್ ವಾದ್ಯಕ್ಕಾಗಿ ಕಟ್ಟಿದ ಚಿಕ್ಕ ಚಿಕ್ಕ ಕೃತಿಗಳ ಸಂಪುಟದಲ್ಲಿ ಇದೂ ಒಂದು. ಅವನು ಮಾಡಿದ ಚಮತ್ಕಾರವನ್ನು ನಮ್ಮ ಸರಿಗಮದಲ್ಲಿಯೇ ವಿವರಿಸಬಹುದು. ಧಾಟಿ ಷಡ್ಜದಿಂದ ಹೊರಟು ಗಾಂಧಾರವನ್ನು ಮುಟ್ಟಿ ಪಂಚಮಕ್ಕೆ ಏರುತ್ತದೆ. ಬಾಖ್ ಅದೇ ಧಾಟಿಯನ್ನು ಒಂದು ಸ್ಥಾಯಿ ಕೆಳಗೆ, ಒಂದು ಗಣದಷ್ಟು ತಡಮಾಡಿ, ಇನ್ನೊಂದು ದನಿಗೆ ಕೊಟ್ಟನು. ಹಿಂದಿನವನು ಷಡ್ಜದಲ್ಲಿರುವಾಗ ಮುಂದಿನವನು ಗಾಂಧಾರಕ್ಕೆ ಬಂದಿರುತ್ತಾನೆ. ಹಿಂದಿನವನು ಗಾಂಧಾರಕ್ಕೆ ಬರುವ ಹೊತ್ತಿಗೆ ಮುಂದಿನವನು ಪಂಚಮಕ್ಕೆ ಏರಿರುತ್ತಾನೆ. ಹೆಜ್ಜೆಯ ಗುರುತಿನಲ್ಲಿ ಹೆಜ್ಜೆಯಿಟ್ಟು ಬಂದರೂ ಎಲ್ಲಿಯೂ ಡಿಕ್ಕಿಯಿಲ್ಲ, ಎಲ್ಲೆಡೆಯೂ ಮಾಧುರ್ಯ. ಇಂತಹ ಅನುಕರಣಕ್ಕೆ ಕ್ಯಾನನ್ ಎಂದು ಹೆಸರು. ಬಾಖ್ ಅಷ್ಟಕ್ಕೇ ತೃಪ್ತನಾಗದೆ ಜೊತೆಯ ಎರಡು ದನಿಗಳನ್ನೂ ಬಹುದೂರದವರೆಗೆ ಇನ್ನೊಂದು ಕ್ಯಾನನ್ನಿನಲ್ಲಿ ನಡೆಸಿದನು. ಕೊನೆಗೆ ಷಡ್ಜವನ್ನು ಬಿಡದೆ ಹಿಡಿದು ನಿಲ್ಲಿಸಿದನು. ಮೀರಜಿನ ತಂಬೂರಿಗಳ ನಾದದಲ್ಲಿ ಬೆಳೆದ ಈ ಸೀಮೆಯ ಕಿವಿಗೆ ಆ ನಿಂತ ಷಡ್ಜದ ಮರ್ಮವನ್ನು ಯಾರೂ ವಿವರಿಸಬೇಕಾದುದಿಲ್ಲ.

ಇದು ಕನ್ನಡಕ್ಕೆ ಒಗ್ಗುವುದೆ? ಧಾಟಿಯ ನಡಿಗೆಯನ್ನು ಕೈತಟ್ಟಿ ನೋಡಿದರೆ ಉತ್ತರ ಸಿಕ್ಕುತ್ತದೆ. ಅದು ಒಂದು ದೀರ್ಘ, ಒಂದು ಹ್ರಸ್ವ. ಮತ್ತೆ ದೀರ್ಘ, ಹ್ರಸ್ವ ಎಂದು ಸಾಗುತ್ತದೆ. ಗುರು-ಲಘುಗಳ ಮೂರು ಮಾತ್ರೆಯ ಗಣ. ಹಿಂದೂಸ್ತಾನಿಯವರಿಗೆ ದಾದರಾ, ಕನ್ನಡ ಛಂದಸ್ಸಿನವರಿಗೆ ಭೋಗಷಟ್ಪದಿಯ ಹೆಜ್ಜೆ. ಈ ಗುಟ್ಟನ್ನು ಬಲ್ಲ ಮಿಷನರಿಯೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದರು. ೧೮೫೩ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಬಂದ ಫರ್ಡಿನೆಂಡ್ ಕಿಟ್ಟೆಲರು ೧೮೯೪ರ ನಿಘಂಟಿನಿಂದ ಮನೆಮಾತಾಗಿದ್ದಾರೆ. ಆದರೆ ಅವರು ೧೮೬೨ರಲ್ಲಿಯೇ ಕ್ರಿಸ್ತನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನು ರಚಿಸಿದುದೂ, ೧೮೭೫ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದುದೂ ಅಷ್ಟು ಜನಕ್ಕೆ ತಿಳಿಯದು. ಪರದೇಶದ ಧಾಟಿಗೆ ಕನ್ನಡದ ಶಬ್ದಗಳನ್ನು ತುರುಕುವುದಕ್ಕಿಂತ, ಕನ್ನಡದ ಗಣ ಎಲ್ಲಿ ತಾನಾಗಿ ಕೂಡುವುದೆಂದು ಹುಡುಕುವುದು ಮೇಲೆಂಬುದಕ್ಕೆ ಅವರ ಕೆಲಸವೇ ಸಾಕ್ಷಿ.

ಒಂದು ತೊಡಕು ಮಾತ್ರ ಇದ್ದೇ ಇದೆ. ಈ ಧಾಟಿ, ಇನ್ನೂ ಅನೇಕ ಪಾಶ್ಚಾತ್ಯ ಸ್ತುತಿಗೀತಗಳಂತೆ, ತಾಳದ ಪೆಟ್ಟಿಗೆ ಮೊದಲೇ ಒಂದು ಸಣ್ಣ ಸ್ವರದಿಂದ ಹೊರಡುತ್ತದೆ. ಜರ್ಮನ್ ಭಾಷೆಯಲ್ಲಿ ಉಪಸರ್ಗವೋ ಗುಣವಾಚಿಯೋ ಆ ಸ್ಥಳವನ್ನು ತುಂಬುತ್ತದೆ. ಕನ್ನಡದಲ್ಲಿ ಪದದ ಭಾರವು ಮೊದಲ ಅಕ್ಷರದ ಮೇಲೆ. ಅದನ್ನು ತಾಳದ ಹೊರಗಿಟ್ಟರೆ ಪದವೇ ಕುಂಟುತ್ತದೆ. ಅನುವಾದಿತ ಸ್ತುತಿಗೀತಗಳು ಕೆಲವೊಮ್ಮೆ ಕನ್ನಡದ ಬಾಯಿಯಲ್ಲಿ ತೊಡರುವುದಕ್ಕೆ ಕಾರಣ ಭಕ್ತಿಯ ಕೊರತೆಯಲ್ಲ, ಈ ಒಂದು ಅಕ್ಷರ. ಉಪಾಯವೂ ಸುಲಭವಾದುದೇ: 'ಓ' ಎಂದೋ 'ಬಾ' ಎಂದೋ ಒಂಟಿ ಅಕ್ಷರವನ್ನು ಆ ಸ್ವರಕ್ಕೆ ಕೊಟ್ಟು, ಪದದ ಮೊದಲಕ್ಷರವನ್ನು ಪೆಟ್ಟಿನ ಮೇಲೆಯೇ ಕೂರಿಸುವುದು. ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಮೂಲಕ ಹೊಸ ಲಯಗಳನ್ನು ತಂದಂದಿನಿಂದ ಕನ್ನಡ ಕವಿತೆಗೆ ಇಂತಹ ಎತ್ತುಗಡೆ ಹೊಸದೇನೂ ಅಲ್ಲ.

ಆದರೆ ಆಕ್ಷೇಪಣೆಗಳಿಗೂ ಉತ್ತರ ಹೇಳಬೇಕು. ಒಂದು ದನಿ ಕನ್ನಡದಲ್ಲಿ, ಒಂದು ದನಿ ಮರಾಠಿಯಲ್ಲಿ ಏಕಕಾಲಕ್ಕೆ ಹಾಡಿದರೆ ಕೇಳುವವರಿಗೆ ಯಾವ ಮಾತು ತಿಳಿಯುತ್ತದೆ? ಇದು ಇಂದಿನ ಪ್ರಶ್ನೆಯಲ್ಲ. ಹದಿನಾರನೆಯ ಶತಮಾನದಲ್ಲಿ ಟ್ರೆಂಟ್ ನಗರದ ಮಹಾಸಭೆಯಲ್ಲಿ, ೧೫೬೨ರಲ್ಲಿ, ದೇವಾಲಯದ ಸಂಗೀತವನ್ನು ಕುರಿತು ಚರ್ಚೆ ನಡೆದಾಗ ಇದೇ ದೂರು ಮುಖ್ಯವಾಗಿತ್ತು: ದನಿಗಳ ಹೆಣಿಗೆಯಲ್ಲಿ ದೇವರ ವಾಕ್ಯವೇ ಕಾಣೆಯಾಗುತ್ತದೆ ಎಂದು. ಪಾಲೆಸ್ತ್ರೀನನು ತನ್ನ ಒಂದು ಕೃತಿಯಿಂದ ಹೆಣಿಗೆಯ ಸಂಗೀತವನ್ನು ನಿಷೇಧದಿಂದ ಉಳಿಸಿದನೆಂಬ ಕಥೆ ಪ್ರಚಲಿತವಾಗಿದೆ. ಇತಿಹಾಸಜ್ಞರು ಅದನ್ನು ಒಪ್ಪುವುದಿಲ್ಲ. ಆದರೂ ಅವನ ಸಂಗೀತ ಕಲಿಸುವ ಪಾಠ ನಿಜವಾದುದು. ಒಂದು ದನಿ ಹೊಸ ಮಾತನ್ನು ತೆಗೆಯುವಾಗ ಇನ್ನೊಂದು ಹಿಂದಿನ ಮಾತಿನ ದೀರ್ಘಾಕ್ಷರದ ಮೇಲೆ ನಿಂತಿರಲಿ. ಒಂದು ಓಡುವಾಗ ಇನ್ನೊಂದು ನಿಧಾನಿಸಲಿ. ಹಾಡುವುದಕ್ಕೆ ಮೊದಲು ಸ್ವಲ್ಪ ಸುಮ್ಮನಿದ್ದ ದನಿಯ ಪ್ರವೇಶವು ಎಂದಿಗೂ ಕಿವಿ ತಪ್ಪುವುದಿಲ್ಲ.

ಎರಡನೆಯ ಆಕ್ಷೇಪಣೆ ಹಿರಿಯರದು. ಬಾಲ್ಯದಿಂದ ಹಾಡಿಕೊಂಡು ಬಂದ ಧಾಟಿಯನ್ನು ತರುಣರ ಪಾಂಡಿತ್ಯವು ಗುರುತು ಸಿಕ್ಕದಂತೆ ಮಾಡಿದರೆ ಅವರು ಹಾಡುವುದಾದರೂ ಏನನ್ನು? ಇದನ್ನು ಹಗುರವಾಗಿ ಎಣಿಸಲಾಗದು. ಹಬ್ಬದ ಹಾಡು ಸಭಿಕರ ಸೊತ್ತು. ಗಾಯನವೃಂದವು ಅದರ ಧರ್ಮಕರ್ತ ಮಾತ್ರ. ಆದುದರಿಂದ ಮೊದಲ ಚರಣವನ್ನು ಎಲ್ಲರೂ ಕನ್ನಡದಲ್ಲಿ ಒಂದೇ ದನಿಯಾಗಿ ಹಾಡಲಿ. ಎರಡನೆಯದನ್ನು ಎಲ್ಲರೂ ಮರಾಠಿಯಲ್ಲಿ. ಮೂರನೆಯ ಚರಣದಲ್ಲಿ ಮಾತ್ರ ಹೆಣಿಗೆ. ಆಗ ಎರಡು ಭಾಷೆಗಳ ಮಾತೂ ಮೊದಲೇ ಕಿವಿಯಲ್ಲಿ ನೆಲೆಸಿರುವುದರಿಂದ ಹೆಣಿಗೆಯಲ್ಲಿಯೂ ಅವುಗಳ ಎಳೆ ಸಿಕ್ಕುತ್ತದೆ. ಮೂಲ ಧಾಟಿಯನ್ನು ಒಂದು ಸ್ವರವೂ ಬದಲಿಸದೆ ಸಭಿಕರಿಗೆ ಬಿಟ್ಟುಕೊಟ್ಟು, ಹೊಸ ದನಿಯನ್ನು ವೃಂದವು ವಹಿಸಿಕೊಂಡರೆ ಅಜ್ಜಿಯೂ ಹಾಡುವಳು, ಮೊಮ್ಮಗಳೂ ಹಾಡುವಳು.

ಮೂರನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳರು. ಆದರೆ ಗಡಿಯ ಊರಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಮೇಲಿನ ದನಿ ಯಾರಿಗೆ? ಕೆಳಗಿನ ದನಿ ಯಾರಿಗೆ? ೧೯೫೬ರ ನವೆಂಬರಿನಲ್ಲಿ ಮುಂಬಯಿ ಪ್ರಾಂತದ ಈ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ಗಡಿಯ ವಾದ ನಡೆದೇ ಇದೆ. ಆಯೋಗ ಬಂದುಹೋಯಿತು, ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಏರಿತು. ಇಂತಹ ಊರಿನಲ್ಲಿ ಒಂದು ಭಾಷೆ ಮೇಲೆ, ಒಂದು ಭಾಷೆ ಕೆಳಗೆ ಎಂಬ ಮಾತು ಹಾಡಿನಲ್ಲಿಯಾದರೂ ಸರಿ, ನೋವನ್ನುಂಟುಮಾಡಬಲ್ಲುದು. ಈ ನೋವಿಗೆ ಶಾಸ್ತ್ರದಲ್ಲಿ ಔಷಧವಿದೆಯೆಂಬುದು ಸೋಜಿಗದ ಸಂಗತಿ.

ಅದರ ಹೆಸರು ಪರಿವರ್ತನೀಯ ಕೌಂಟರ್‌ಪಾಯಿಂಟ್. ಮೇಲಿನ ದನಿಯನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಒಂದು ಸ್ಥಾಯಿ ಸರಿಸಿದರೂ ಎಲ್ಲಿಯೂ ಕೆಡದಂತೆ ಮೊದಲೇ ಯೋಚಿಸಿ ಹೆಣೆಯುವ ಕ್ರಮ ಅದು. ಇದಕ್ಕೆ ಗಣಿತವೂ ಉಂಟು. ಷಡ್ಜದ ಮೇಲೆ ಗಾಂಧಾರವಿದ್ದಲ್ಲಿ, ಷಡ್ಜವನ್ನು ಮೇಲಕ್ಕೆ ಒಯ್ದರೆ ಗಾಂಧಾರದ ಮೇಲೆ ಷಡ್ಜವಾಗುತ್ತದೆ. ಮೂರರ ಅಂತರವು ಆರರ ಅಂತರವಾಗುತ್ತದೆ. ಎರಡೂ ಮಧುರವೇ. ಆದರೆ ಷಡ್ಜದ ಮೇಲಿದ್ದ ಪಂಚಮವನ್ನು ತಿರುಗಿಸಿದರೆ ಪಂಚಮದ ಮೇಲೆ ಷಡ್ಜವಾಗಿ, ಐದರ ಅಂತರವು ನಾಲ್ಕರ ಅಂತರವಾಗುತ್ತದೆ. ಎರಡೇ ದನಿಗಳ ಕಟ್ಟುನಿಟ್ಟಾದ ಹೆಣಿಗೆಯಲ್ಲಿ ಅದನ್ನು ವಿರೋಧವೆಂದೇ ಎಣಿಸುವರು. ಆದುದರಿಂದ ಸ್ಥಾನಗಳನ್ನು ಅದಲುಬದಲು ಮಾಡಿಕೊಳ್ಳಬೇಕೆನ್ನುವ ಇಬ್ಬರು ಪೂರ್ಣ ಮೈತ್ರಿಯ ಪಂಚಮವನ್ನು ಆದಷ್ಟು ಹಾದುಹೋಗುವ ಮಾತ್ರೆಗಳಿಗೆ ಬಿಟ್ಟು, ಗಾಂಧಾರ-ಧೈವತಗಳ ಸಾಧಾರಣ ಮಾಧುರ್ಯದಲ್ಲಿಯೇ ಬಾಳನ್ನು ಸಾಗಿಸಬೇಕು. ಹೀಗೆ ಹೆಣೆದಲ್ಲಿ ಮೂರನೆಯ ಚರಣದಲ್ಲಿ ಕನ್ನಡ ಮೇಲಿದ್ದರೆ ನಾಲ್ಕನೆಯದರಲ್ಲಿ ಮರಾಠಿ ಮೇಲಿರುತ್ತದೆ. ಯಾರೂ ಯಾರ ನೆರಳೂ ಅಲ್ಲ.

ಈ ನೆಲಕ್ಕೆ ಅದು ಹೊಸ ಪಾಠವೂ ಅಲ್ಲ. ಪಂಢರಾಪುರದ ವಿಠ್ಠಲನನ್ನು ಜ್ಞಾನೇಶ್ವರರ ಹೆಸರಿನ ಮರಾಠಿ ಅಭಂಗವು ಕನ್ನಡಿಗನೆಂದು ಕರೆಯುತ್ತದೆ. ಅದೇ ವಿಠ್ಠಲನನ್ನು ಪುರಂದರದಾಸರು ಕನ್ನಡದಲ್ಲಿ ಹಾಡಿದರು. ಎರಡನ್ನೂ ಒಂದೇ ಕಂಠದಲ್ಲಿ ಭೀಮಸೇನ ಜೋಶಿಯವರು ಎರಡೂ ನಾಡುಗಳಿಗೆ ಕೇಳಿಸಿದರು. ಅಲ್ಲಿ ಅವು ಒಂದಾದ ಮೇಲೊಂದರಂತೆ ಬಂದುವು. ಇಲ್ಲಿ ಜೊತೆಯಾಗಿ ಬರುತ್ತವೆ, ಅಷ್ಟೇ ವ್ಯತ್ಯಾಸ.

ಕೆಲಸಕ್ಕೆ ಕೈಹಾಕುವವರು ಅವಸರಪಡಬೇಕಾದುದಿಲ್ಲ. ಒಂದು ಹಾರ್ಮೋನಿಯಮ್, ಒಂದು ತಬಲಾ, ಎಂಟು ಹತ್ತು ಕಂಠಗಳು ಸಾಕು. ಮೊದಲ ವಾರ ಸ್ವರಕ್ಕೆ ಸ್ವರವನ್ನಿಟ್ಟು ಬರಿಯ ಸರಿಗಮದಲ್ಲಿ ಹಾಡಿ ನೋಡಲಿ. ಎರಡನೆಯ ವಾರ ಹಾದುಹೋಗುವ ಸ್ವರಗಳನ್ನು ಸೇರಿಸಲಿ. ಮೂರನೆಯ ವಾರ ಮಾತುಗಳನ್ನು ಕೂಡಿಸಲಿ. ಹಾಡುವಾಗ ಪ್ರತಿಯೊಬ್ಬರೂ ಕಲಿಯಬೇಕಾದ ಕಷ್ಟದ ಪಾಠ ಒಂದೇ: ತನ್ನ ದನಿಯನ್ನು ಬಿಟ್ಟುಕೊಡದೆ ಪಕ್ಕದವರ ದನಿಗೆ ಕಿವಿಗೊಡುವುದು. ಹೊಸಬರು ಪಕ್ಕದವರ ಧಾಟಿ ತಮ್ಮನ್ನು ಎಳೆದುಕೊಂಡು ಹೋದೀತೆಂದು ಕಿವಿ ಮುಚ್ಚಿಕೊಂಡು ಹಾಡುವುದುಂಟು. ಹಾಗೆ ಹಾಡಿದವರು ಸ್ವಲ್ಪ ಹೊತ್ತಿನಲ್ಲಿಯೇ ಶ್ರುತಿಯನ್ನು ಬಿಡುತ್ತಾರೆ. ಕಿವಿ ತೆರೆದು ಹಾಡಿದವರು ಮಾತ್ರ ಕೊನೆಯ ಷಡ್ಜಕ್ಕೆ ಸರಿಯಾಗಿ ಬಂದು ಸೇರುತ್ತಾರೆ.